ದಾರಿಸೊಪ್ಪು

ತಾಲ್ಲೂಕು ಕಚೇರಿಗೆ ಬಂದು ಟೈಪ್‌ರೈಟರಿನ ಮುಂದೆ ಕೂತಾಗಿನಿಂದ ಪಾಲಮ್ಮನಿಗೆ ಬೆನ್ನ ಹಿಂದೆ ಯಾರೋ ನಿಂತು ತನ್ನ ಕೈಬೆರಳುಗಳನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ತಿರುಗಿದರೆ ಹಸಿರು ಬೀರು, ಅದರ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಡತಗಳ ಗಂಟು, ಗೋಡೆಯ ಮೇಲೊಂದು ಹಲ್ಲಿ. ಅಷ್ಟೇ. ಶಿರಸ್ತೇದಾರ ಚಿತ್ರಲಿಂಗಪ್ಪನವರು ದೂರದ ತಮ್ಮ ಮೇಜಿನಲ್ಲಿ ಎಲೆಯ ತೊಟ್ಟು ಮುರಿದು ಸುಣ್ಣ ಸವರುತ್ತಿದ್ದರು. ಅವರ ತಲೆಯ ಮೇಲೆ, ತುರ್ತು ಪರಿಸ್ಥಿತಿ ಬಂದ ಮೇಲೆ ಎಲ್ಲ ಕಚೇರಿಗಳಿಗೂ ಬಂದಂತೆ ಇಲ್ಲಿಗೂ ಬಂದು ಅಂಟಿಕೊಂಡ ಹಾಳೆ: ಮಾತು ಕಡಿಮೆ, ದುಡಿಮೆ ಹೆಚ್ಚು. ಇಷ್ಟು ದಿನ ಅವಳು ಆ ಹಾಳೆಯನ್ನು ನೋಡುತ್ತಿದ್ದಳೇ ಹೊರತು ಓದುತ್ತಿರಲಿಲ್ಲ. ಹೋದ ವಾರದಿಂದ ಓದುತ್ತಿದ್ದಾಳೆ. ಹೋದ ವಾರ ದುರ್ಗದಿಂದ ಬಂದ ಇಂಗ್ಲಿಷ್ ಸುತ್ತೋಲೆಯ ಕನ್ನಡ ಪ್ರತಿಗೆ ಸ್ಟೆನ್ಸಿಲ್ ಹೊಡೆದವಳು ಅವಳೇ. ರೈಲು ಹಳಿ, ಸೇತುವೆ, ಅಣೆಕಟ್ಟು, ತಂತಿಕಂಬಗಳ ಆಸುಪಾಸಿನ ದಾರಿಕವಲುಗಳಲ್ಲಿ ಗಿಡದ ಕೊಂಬೆ, ಕಲ್ಲು ಮುಂತಾದ ಸಂಕೇತಗಳನ್ನು ಇಡುವವರು ಕಂಡುಬಂದಲ್ಲಿ ತಕ್ಷಣ ತಡೆದು, ಸದರಿ ಸಂಕೇತ ಯಾರಿಗಾಗಿ ಎಂಬುದನ್ನು ತಿಳಿದು ವರದಿ ಮಾಡತಕ್ಕದ್ದು. ಹೊಡೆಯುತ್ತ ಹೊಡೆಯುತ್ತ ಅವಳ ಬೆರಳು ನಿಂತುಬಿಟ್ಟಿದ್ದವು. ಸಂತೆಯಲ್ಲಿ ಯಾರೋ ಅಪರಿಚಿತ ಹೆಂಗಸು ತನ್ನ ಅಜ್ಜಿಯ ಸೀರೆಯನ್ನು ಉಟ್ಟು ಎದುರಿಗೆ ಬಂದರೆ ಹೇಗೋ ಹಾಗೆ ಆ ವಾಕ್ಯ ಅವಳೆದುರು ನಿಂತಿತ್ತು. ಅಂಚು ಅದೇ, ಬಣ್ಣ ಅದೇ, ಒಳಗಿನ ಮೈ ಬೇರೆ.

ದುರ್ಗದ ಪ್ರವಾಸಿ ಮಂದಿರಕ್ಕೆ ಅವಳನ್ನು ಕರೆದುಕೊಂಡು ಹೋಗದೇ ಇದ್ದಿದ್ದರೆ. ಅಲ್ಲಿನ ಶೀಘ್ರಲಿಪಿಯವನಿಗೆ ಜ್ವರ ಬಾರದೇ ಇದ್ದಿದ್ದರೆ. ಬೇಸಿಗೆಯ ಆ ಮಧ್ಯಾಹ್ನ ಕೋಟೆಯ ಬಂಡೆಗಳ ಕಾವೆಲ್ಲ ಕಿಟಕಿಯಿಂದ ಒಳಕ್ಕೆ ಬಂದು ಕೂತಿತ್ತು. ದೆಹಲಿಯಿಂದ ಬಂದಿದ್ದ ಅಧಿಕಾರಿಗೆ ವಯಸ್ಸಾಗಿತ್ತು. ಬೆಳ್ಳಗಿನ ಕೂದಲು, ಮಗುವನ್ನು ಮಲಗಿಸುವವರ ಹಾಗೆ ಮೆತ್ತನೆಯ ದನಿ. ದೇಶದಲ್ಲಿ ಬಾಂಬು ಇಡುವವರು, ಹಳಿ ಕೀಳುವವರು ಹೆಚ್ಚುತ್ತಿದ್ದಾರೆ. ಆದ ಮೇಲೆ ಹಿಡಿಯುವುದಕ್ಕೆ ಕಾನೂನುಗಳಿವೆ, ಆಗುವ ಮೊದಲೇ ಗುರುತಿಸುವುದಕ್ಕೆ ಮಾತ್ರ ಒಂದು ನೀತಿ ಇಲ್ಲ, ಅಂದರು. ಅದನ್ನು ಬರೆಯಬೇಕಾಗಿದೆ, ಇಡೀ ದೇಶಕ್ಕೆ ಒಂದೇ, ಆದರೆ ದೆಹಲಿಯಲ್ಲಿ ಕೂತು ಬರೆದರೆ ಅದಕ್ಕೆ ಕಾಲಿರುವುದಿಲ್ಲ, ಆದ್ದರಿಂದ ಜಿಲ್ಲೆ ಜಿಲ್ಲೆ ಸುತ್ತಿ ಕೇಳುತ್ತಿದ್ದೇನೆ: ನಿಮ್ಮ ಜನ ಒಬ್ಬರಿಗೊಬ್ಬರು ಗುಟ್ಟಾಗಿ ಸುದ್ದಿ ಮುಟ್ಟಿಸುವುದು ಹೇಗೆ? ದೊಡ್ಡ ಅಧಿಕಾರಿಗಳು ಒಬ್ಬರಾದ ಮೇಲೊಬ್ಬರು ವಸತಿಗೃಹಗಳ ತಪಾಸಣೆ, ಲಾರಿಗಳ ತಪಾಸಣೆ ಅಂತ ಹೇಳಿದ್ದನ್ನೇ ಹೇಳಿದರು. ಮುದುಕರ ಕಣ್ಣು ಮುಚ್ಚಿಕೊಂಡವು. ತೆರೆದಾಗ ಅವು ಮೂಲೆಯಲ್ಲಿ ಕೂತು ಬರೆಯುತ್ತಿದ್ದ ಪಾಲಮ್ಮನ ಮೇಲೆ ಬಿದ್ದವು. ಬೇಕೆಂದೇ ಬಿದ್ದವೋ, ಸುಮ್ಮನೆ ಎಲ್ಲಾದರೂ ಬೀಳಬೇಕಲ್ಲ ಅಂತ ಬಿದ್ದವೋ. “ನೀವೇನು ಹೇಳುತ್ತೀರಿ?” ಅಂದರು.

ತಾಲ್ಲೂಕು ಕಚೇರಿಗೆ ಸೇರಿದಾಗಿನಿಂದ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಆಯ್ತೇನಮ್ಮ ಅಂತ ಕೇಳಿದ್ದರು, ಎಷ್ಟೊತ್ತು ಅಂತ ಕೇಳಿದ್ದರು. ಮಳೆ ಬಂದ ದಿನ ಗುಮಾಸ್ತರೊಬ್ಬರು ಮೂಗೆಳೆದು, “ಯಾರೋ ಕುರಿ ತಂದು ಕಟ್ಟಿದಂಗೈತಲ್ರೀ ಒಳಗೆ” ಅಂತ ಗಾಳಿಯನ್ನು ಕೇಳಿದ್ದರು, ಉಳಿದವರು ನಕ್ಕಿದ್ದರು, ಅವಳೂ ನಕ್ಕಿದ್ದಳು, ನಕ್ಕು ಸಂಜೆ ಬಾಡಿಗೆಯ ಕೋಣೆಯಲ್ಲಿ ಮೈ ಉಜ್ಜಿ ಉಜ್ಜಿ ಕೆಂಪಾಗಿಸಿಕೊಂಡಿದ್ದಳು. ನೀವೇನು ಹೇಳುತ್ತೀರಿ. ಬಾಯಿ ತಾನಾಗಿ ತೆರೆದುಕೊಂಡಿತು. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಏಳು ಜನ ಅಣ್ಣಂದಿರಿಗೆ ಒಬ್ಬಳೇ ತಂಗಿ. ಮಂದೆ ಹೊಡೆದುಕೊಂಡು ಹೊರಟಾಗ ಕುಂಟು ಮರಿಯೊಂದನ್ನು ಎತ್ತಿಕೊಂಡ ತಂಗಿ ಹಿಂದೆ ಬಿದ್ದಳು. ಅಣ್ಣಂದಿರು ನಿಲ್ಲುವ ಹಾಗಿಲ್ಲ, ಕುರಿ ನಿಲ್ಲಬೇಕಲ್ಲ. ಅದಕ್ಕೆ ಕವಲು ಬಂದಲ್ಲೆಲ್ಲ ತಂಗಡಿಯ ಕೊಂಬೆ ಮುರಿದು, ಹೂವಿನ ತುದಿಯನ್ನು ತಾವು ಹೋಗುವ ಕಡೆಗೆ ಮಾಡಿ ಇಟ್ಟರು. ಗಾಳಿರಾಯನಿಗೆ ಆ ತಂಗಿಯ ಮೇಲೆ ಆಸೆ. ಕೊಂಬೆಯನ್ನು ತಿರುಗಿಸಿ ತನ್ನ ಮನೆಯ ಕಡೆ ಮಾಡಬೇಕು ಅಂತ ಬೀಸಿದ, ಬೀಸಿದ. ಅಣ್ಣಂದಿರು ಮೇಲೊಂದು ಕಲ್ಲು ಹೇರಿದ್ದರು. ಅಂದಿನಿಂದ ಹಟ್ಟಿಯವರು ಮುಂದೆ ಹೋಗುವಾಗ ಹಿಂದಿನವರಿಗೆ ದಾರಿಸೊಪ್ಪು ಇಡುತ್ತಾರೆ. ಅಜ್ಜಿ ಈ ಕಥೆ ಹೇಳುವಾಗ ಗಾಳಿರಾಯನ ಹಾಗೆ ಕೆನ್ನೆ ಉಬ್ಬಿಸಿ ಅವಳ ಹಣೆಯ ಕೂದಲನ್ನು ಊದುತ್ತಿದ್ದಳು. ಆದರೆ ಪ್ರವಾಸಿ ಮಂದಿರದಲ್ಲಿ, ತಡವರಿಸುವ ಇಂಗ್ಲಿಷಿನಲ್ಲಿ, ಪಾಲಮ್ಮ ಅಣ್ಣಂದಿರನ್ನು ಬಿಟ್ಟಳು, ತಂಗಿಯನ್ನು ಬಿಟ್ಟಳು, ಕುಂಟು ಮರಿಯನ್ನು ಬಿಟ್ಟಳು, ಗಾಳಿರಾಯನನ್ನಂತೂ ಬಿಟ್ಟೇ ಬಿಟ್ಟಳು. ಕೊಂಬೆ, ಕಲ್ಲು, ದಿಕ್ಕು. ಇಷ್ಟನ್ನೇ ಹೇಳಿದಳು. ಸಭೆಗೆ ಬೇಕಾದದ್ದು ಅಷ್ಟೇ ಎಂದು ಅವಳಿಗೆ ಹೇಗೋ ಗೊತ್ತಾಗಿತ್ತು. ಮುದುಕರು ಜೇಬಿನಿಂದ ಪೆನ್ನು ತೆಗೆದರು. ಆವತ್ತು ಮೊದಲ ಸಲ ತೆಗೆದರು. ಎಲ್ಲರ ಮುಖಗಳೂ ಅವಳ ಕಡೆ ತಿರುಗಿದವು. ಹಿಂದಕ್ಕೆ ಬರುವ ಬಸ್ಸಿನಲ್ಲಿ ಅವಳು ಕಿಟಕಿಯಿಂದ ಮುಖ ಹೊರಗಿಟ್ಟು, ಬಾಯ್ತುಂಬ ಗಾಳಿ ಕುಡಿಯುತ್ತ ಬಂದಳು. ಅಷ್ಟು ಸುಖವಾಗಿದ್ದುದು ಅವಳಿಗೆ ನೆನಪೇ ಇಲ್ಲ. ಈಗ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿರುವುದು ಆ ಸುಖವೇ.

“ಅಕ್ಕಾರೆ, ಸುದ್ದಿ ಗೊತ್ತೇನ್ರಿ?” ಜವಾನ ಕೆಂಚಣ್ಣ ಚಹದ ಲೋಟಗಳನ್ನು ಇಡುತ್ತ ದನಿ ತಗ್ಗಿಸಿದ. “ರೈಲು ಸೇತುವೆ ತಾವ ಕವಲೈತಲ್ಲ, ಅಲ್ಲಿ ಒಬ್ಬ ಕುರಿಯಾತನ್ನ ಹಿಡ್ದವ್ರಂತೆ. ಕೊಂಬೆ ಇಡ್ತಿದ್ನಂತೆ. ಗಡ್ಡ ಇಷ್ಟುದ್ದ ಐತಂತೆ. ಏನ್ ಕೇಳಿದ್ರೂ ಬಾಯಿ ಬಿಡ್ತಿಲ್ವಂತೆ. ಭಾಳ ಪಳಗಿದ ಆಸಾಮಿ ಇರ್ಬೇಕು.”

“ಕುರಿಗಳು?” ಅಂದಳು ಪಾಲಮ್ಮ. ಯಾಕೆ ಅದನ್ನೇ ಮೊದಲು ಕೇಳಿದಳೋ.

“ಅವೂ ಠಾಣೇಲೇ ಅವೆ. ಅವುನ್ನ ಮೀಸಾ ಕಾಯ್ದ್ಯಾಗೆ ಹಾಕಾಕೆ ಬರಲ್ಲ ನೋಡ್ರಿ,” ಅಂದು ಕೆಂಚಣ್ಣ ತಾನೇ ನಕ್ಕ.

ಅವನು ನಗುವುದು ಮುಗಿಯುವ ಮೊದಲೇ ಚಿತ್ರಲಿಂಗಪ್ಪನವರ ಮೇಜಿನ ಫೋನು ಬಡಿದುಕೊಂಡಿತು. ಅವರು ಎಲೆಯಡಿಕೆಯನ್ನು ಕೆನ್ನೆಯ ಒಂದು ಬದಿಗೆ ಸರಿಸಿ, “ಹ್ಞೂ, ಹ್ಞೂ, ಐತೆ ಐತೆ, ನಮ್ಮಲ್ಲೇ ಐತೆ ಒಂದು ಹುಡುಗಿ” ಅಂದರು. ಇಟ್ಟು, “ಪಾಲಮ್ಮ, ಬಾರಮ್ಮ ಇಲ್ಲಿ. ಠಾಣೆಗೊಂದು ಹೋಗಿ ಬಾ. ಸಬ್‌ಇನ್‌ಸ್ಪೆಕ್ಟರು ಜೀಪು ಕಳಿಸ್ತಾರೆ. ಆ ಮನುಷ್ಯ ನಿಮ್ಮ ಕಡೆ ಮಾತಾಡ್ತಾನಂತೆ, ಒಂದು ಬುಡ ತಿಳಿಯಲ್ಲ ತುದಿ ತಿಳಿಯಲ್ಲ. ನೀನು ಕೇಳಿದ್ರೆ ಹೇಳಾನು. ಸಾಯಂಕಾಲಕ್ಕೆ ದುರ್ಗದಿಂದ ವ್ಯಾನು ಬರ್ತೈತೆ. ಅಷ್ಟ್ರೊಳಗೆ ಹೇಳ್ದಿದ್ರೆ ಕಳ್ಸಿಬಿಡ್ತಾರೆ. ಆಮ್ಯಾಲೆ ಕೋರ್ಟೂ ಇಲ್ಲ, ಜಾಮೀನೂ ಇಲ್ಲ, ಯಾವ ಕಾಲಕ್ಕೆ ಬರ್ತಾನೋ ಆ ಶಿವನೇ ಬಲ್ಲ.”

“ಹೆಸರೇನಂತೆ ಸರ್?”

“ಯತ್ತಪ್ಪನೋ ಗಿತ್ತಪ್ಪನೋ. ನಿಮ್ಮ ಪೈಕಿನೇನಮ್ಮ?”

“ನಮ್ಮ ಕಡೆಯವರು ಸರ್,” ಅಂದಳು. ನಮ್ಮ ಮಾವ ಅನ್ನಲಿಲ್ಲ. ಅಮ್ಮನ ಅಣ್ಣ, ನನ್ನನ್ನು ಸಾಕಿದವರು, ಅನ್ನಲಿಲ್ಲ. ನಮ್ಮ ಕಡೆಯವರು. ಆ ಮಾತು ಎಷ್ಟು ನುಣ್ಣಗೆ ಬಾಯಿಂದ ಜಾರಿತು ಅಂದರೆ ಯಾವಾಗಿನಿಂದಲೋ ನಾಲಿಗೆಯ ಕೆಳಗೆ ಸಿದ್ಧವಾಗಿ ಇಟ್ಟುಕೊಂಡಿದ್ದಳೇನೋ ಅನ್ನಿಸಿ ಅವಳಿಗೇ ಹೆದರಿಕೆಯಾಯಿತು.

ಜೀಪು ತೆಂಗಿನ ತೋಟಗಳನ್ನು ದಾಟಿ ಕೆಮ್ಮಣ್ಣಿನ ರಸ್ತೆಗೆ ಇಳಿಯಿತು. ಡ್ರೈವರು ಮಾತಾಡಲಿಲ್ಲ, ಈಗೀಗ ಯಾರೂ ಪರಿಚಯವಿಲ್ಲದವರ ಜೊತೆ ಮಾತಾಡುವುದಿಲ್ಲ. ಕೊಯ್ದ ರಾಗಿ ಹೊಲದಲ್ಲಿ ಕೂಳೆ ಬಿಸಿಲಿಗೆ ಹೊಳೆಯುತ್ತಿತ್ತು. ಇಂಥ ಹೊಲದಲ್ಲೇ ಅಲ್ಲವೇ ಮಂದೆ ತರುಬುವುದು. ಗೊಬ್ಬರಕ್ಕೆ ಅಂತ ಒಡೆಯರು ಕರೆದು ಕೂರಿಸುವುದು. ಆದಿವಾಲದ ಕಡೆ ಮೇವು ತೀರಿದ ಮೇಲೆ ಮಾವ ಹೊರಡುತ್ತಾನೆ, ಹಿರಿಯೂರಿನ ಒಣ ನೆಲ ಬಿಟ್ಟು, ಹೊಸದುರ್ಗದ ತೋಟಗಳ ಅಂಚು ಹಿಡಿದು, ಹೊಳಲ್ಕೆರೆಯ ಕಡೆಗೆ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶ್ರೀರಾಂಪುರದ ಶಾಲೆಗೆ ಬಿಟ್ಟವನು ಅವನೇ. “ಲೇ ಪಾಲಿ, ಓದ್ಲೇ. ನಮ್ ಮಂದ್ಯಾಗೂ ಒಂದ್ ಇಂಗ್ಲೀಷ್ ಕುರಿ ಇರ್ಲಿ” ಅಂತ ಅಂದು, ಮೇಷ್ಟರ ಮುಂದೆ ಕಂಬಳಿ ತೆಗೆದು ಕಂಕುಳಲ್ಲಿಟ್ಟು ಬಗ್ಗಿ ನಿಂತಿದ್ದ. ಅವನ ಮೈಯಿಂದ ಬರುತ್ತಿದ್ದ ಹಾಲು, ಹೊಗೆ, ಉಣ್ಣೆಯ ವಾಸನೆ ಆಗ ಅವಳಿಗೆ ವಾಸನೆಯಾಗಿರಲಿಲ್ಲ, ಮಾವ ಆಗಿತ್ತು. ಯಾವತ್ತು ಅದು ವಾಸನೆಯಾಯಿತು? ಹಾಸ್ಟೆಲಿನಲ್ಲೋ, ಟೈಪಿಂಗ್ ಕಲಿತ ದುರ್ಗದಲ್ಲೋ, ಬಾಡಿಗೆ ಮನೆಯ ಒಡತಿ ಏಕಾಂತಮ್ಮನವರು “ನಿಮ್ಮೋರು ಬಂದ್ರೆ ಜಗಲಿ ಮ್ಯಾಲೆ ಕುಂತ್ಕಳ್ಲಿ ಕಣಮ್ಮ, ಒಳಗೆ ದೇವ್ರೈತೆ” ಅಂದ ದಿನವೋ. ಮಾವ ಬಂದಿದ್ದ ಒಂದು ಸಲ. ಜಗಲಿಯ ಮೇಲೂ ಕೂರದೆ ಬೀದಿಯಲ್ಲೇ ನಿಂತು, ಬೆಣ್ಣೆಯ ಗಡಿಗೆ ಕೊಟ್ಟು, ಅವಳ ತಲೆ ಮುಟ್ಟಿ ಹೋಗಿದ್ದ. ಅವಳು ಒಳಗೆ ಕರೆಯಲಿಲ್ಲ. ಕರೆದಿದ್ದರೆ ಬರುತ್ತಿರಲಿಲ್ಲ ನಿಜ. ಕರೆಯಬಹುದಿತ್ತು.

ಒಂದು ವಾರ ಸಮಯವಿತ್ತು. ಸುತ್ತೋಲೆಗೆ ಸ್ಟೆನ್ಸಿಲ್ ಹೊಡೆದ ದಿನವೇ ಹೇಳಿ ಕಳಿಸಬಹುದಿತ್ತು: ಈ ಸಲ ಸೊಪ್ಪು ಇಡಬೇಡಿ. ಭಾನುವಾರ ಶ್ರೀರಾಂಪುರದ ಬಸ್ಸು ಹತ್ತಿ ಹೋಗಿಯೂ ಇದ್ದಳು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹ ಕುಡಿದಳು. ಹಟ್ಟಿಯ ಕಡೆ ಹೋಗುವ ಯಾರಾದರೂ ಸಿಗುತ್ತಾರೆ, ಹೇಳಿದರಾಯಿತು. ಸಿಕ್ಕರು ಕೂಡ. ಯಾಕೆ ಇಡಬಾರದು ಅಂತ ಅವರು ಕೇಳುತ್ತಾರೆ. ಸರ್ಕಾರಕ್ಕೆ ಅದು ಹೇಗೆ ಗೊತ್ತಾಯಿತು ಅಂತ ಕೇಳುತ್ತಾರೆ. ಚಹದ ಕೆನೆ ತುಟಿಗೆ ಅಂಟಿಕೊಂಡಿತು, ಒರೆಸಿಕೊಂಡಳು, ಎದುರಿಗೆ ನಿಂತಿದ್ದ ಅದೇ ಬಸ್ಸನ್ನು ಹತ್ತಿ ವಾಪಸು ಬಂದಳು. ಇಷ್ಟು ದೊಡ್ಡ ದೇಶದಲ್ಲಿ ನಮ್ಮ ಕವಲುಗಳನ್ನು ಯಾರು ನೋಡಲು ಬರುತ್ತಾರೆ ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಿದ್ದಳು.

ಠಾಣೆಯ ಅಂಗಳದ ತುಂಬ ಕುರಿ. ಒಂದು ಟಗರು ಮುಂಗಾಲನ್ನು ಗೋಡೆಗೆ ಊರಿ, ಇಪ್ಪತ್ತು ಅಂಶಗಳ ಕಾರ್ಯಕ್ರಮದ ಭಿತ್ತಿಪತ್ರವನ್ನು ಮೈದಾ ಅಂಟಿನ ಸಮೇತ ಕೆಳಗಿನಿಂದ ಮೇಲಕ್ಕೆ ತಿನ್ನುತ್ತ ಬಂದು ಅರ್ಧಕ್ಕೆ ಮುಟ್ಟಿತ್ತು. ಕಾನ್‌ಸ್ಟೇಬಲ್ಲೊಬ್ಬ ಲಾಠಿ ಹಿಡಿದು ಹೊಡೆಯುವುದೋ ಬೇಡವೋ ಎಂದು ನಿಂತಿದ್ದ. ಹೊಂಗೆಯ ಮರದ ಬುಡದಲ್ಲಿ ಮಾವ. ಕೋಲು, ಕಂಬಳಿ ಎರಡನ್ನೂ ತೆಗೆದಿಟ್ಟುಕೊಂಡಿದ್ದರು. ಕಂಬಳಿಯಿಲ್ಲದ ಮಾವನ ಹೆಗಲು ಅಷ್ಟು ಚಿಕ್ಕದು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಅವಳನ್ನು ಕಂಡದ್ದೇ ಅವನ ಮುಖ ಬೆಳಗಿತು. “ಅಗಾ, ನಮ್ ಪಾಲಿ ಬಂತು,” ಅಂತ ಮರಕ್ಕೋ ಕುರಿಗೋ ಹೇಳಿ, ಪೊಲೀಸಿನವನ ಕಡೆ ತಿರುಗಿ, “ನಮ್ ಹುಡ್ಗಿ ಸಾಮಿ. ಕಚೇರ್ಯಾಗೆ ಐತೆ. ಇನ್ನ ಎಲ್ಲಾ ಸರಿಹೋಗ್ತೈತೆ ಬಿಡ್ರಿ” ಅಂದ.

ಸಬ್‌ಇನ್‌ಸ್ಪೆಕ್ಟರ್ ಉಗ್ರಪ್ಪನವರು ಹೆಸರಿಗೆ ತಕ್ಕ ಹಾಗೆ ಇರಲಿಲ್ಲ. ನಿದ್ದೆಗೆಟ್ಟ ಕಣ್ಣು, ಬಿಚ್ಚಿದ ಕಾಲರು. ಅಂಗಳಕ್ಕೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

“ಬರ್ರಮ್ಮ, ಕುಂತ್ಕಳ್ರಿ. ನೋಡ್ರಿ, ನಾನೂ ಈ ಕಡೆಯೋನೆ. ಕುರಿಯೋರ್ನ ಕಂಡಿಲ್ವಾ ನಾನು? ಒಂದೇಟು ಹಾಕಿಲ್ಲ. ಆದ್ರೆ ಮೇಲಿಂದ ಹಾಳೆ ಬಂದೈತೆ. ಹಾಳ್ಯಾಗೆ ಕೊಂಬೆ ಅಂತೈತೆ, ಕಲ್ಲು ಅಂತೈತೆ, ರೈಲು ಸೇತುವೆ ಅಂತೈತೆ. ಈ ಯಪ್ಪ ಎಲ್ಲಾನೂ ಒಂದೇ ತಾವ ಜೋಡ್ಸಿ ಇಟ್ಟವ್ನೆ. ಬಿಟ್ಟು ಕಳ್ಸಿದ್ರೆ ನನ್ ಬುಡಕ್ಕೆ ಬರ್ತೈತೆ. ಯಾರಿಗಿಟ್ಯಪ್ಪ ಅಂದ್ರೆ ಹಿಂದೆ ಬರೋರಿಗೆ ಅಂತಾನೆ. ಹಿಂದೆ ಬರೋರು ಯಾರಪ್ಪ ಅಂದ್ರೆ, ಬಂದ್ಮ್ಯಾಲೆ ನೋಡ್ರಿ ಅಂತಾನೆ. ಇದುನ್ನ ನಾನು ವರದಿ ಅಂತ ಬರೀಲಾ?”

“ದಾರಿ ಮ್ಯಾಲಿರೋರ ಹೆಸ್ರು ಎತ್ತಬಾರ್ದು ಸಾಮಿ,” ಅಂದ ಯತ್ತಪ್ಪ. ಜಗಳದ ದನಿಯಲ್ಲ, ಮಕ್ಕಳಿಗೆ ಬೆಂಕಿ ಮುಟ್ಟಬಾರದು ಅಂತ ಹೇಳುವ ದನಿ. “ಅವ್ರು ಬಂದು ಮಂದೆ ಸೇರ್ಕಂಡ್ಮ್ಯಾಲೆ ನಿಮ್ಗೆ ಒಬ್ಬೊಬ್ರುದೂ ಹೇಳ್ತೀನಿ, ಬೇಕಾದ್ರೆ ನಾಯೀದೂ ಹೇಳ್ತೀನಿ.”

ಅವಳಿಗೆ ಅದು ಗೊತ್ತಿತ್ತು. ಹೆಸರು ಎತ್ತಿದರೆ ದಾರಿ ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಂಡರೆ ಆ ಹೆಸರಿನವರನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅಜ್ಜಿ ತಾನು ಹಟ್ಟಿಯಲ್ಲಿ ಉಳಿದಾಗ ಮಗನನ್ನು ‘ಮುಂದಿನೋನು’ ಅನ್ನುತ್ತಿದ್ದಳು, ಮೊಮ್ಮಗನನ್ನು ‘ಹಿಂದಿನೋನು’ ಅನ್ನುತ್ತಿದ್ದಳು. ಅವರು ಹಿಂತಿರುಗಿ ಹಟ್ಟಿಯ ಮುಳ್ಳುಬೇಲಿ ದಾಟಿದ ದಿನ ಮಾತ್ರ ಎಲ್ಲರ ಹೆಸರನ್ನೂ ಒಟ್ಟಿಗೇ ಕೂಗಿ ಕೂಗಿ ಕರೆಯುತ್ತಿದ್ದಳು, ಅಷ್ಟು ದಿನದ ಸಾಲ ತೀರಿಸುವವಳ ಹಾಗೆ. ಈ ಬೆಳ್ಳನೆಯ ಬಿಸಿಲಲ್ಲಿ, ಕುರ್ಚಿಯ ಮೇಲೆ ಕೂತು, ಅದನ್ನು ಹೇಗೆ ಹೇಳುವುದು? ಹೇಳಿದರೆ ನಾಳೆ ಅದೂ ಒಂದು ಹಾಳೆಯಾಗಿ ಬರುತ್ತದೆ. ತಡೆಯಲ್ಪಟ್ಟವರು ಹೆಸರು ಹೇಳಲು ನಿರಾಕರಿಸಿದಲ್ಲಿ.

“ಸರ್,” ಅಂದಳು. “ಆ ಸುತ್ತೋಲೆಯಲ್ಲಿರುವ ಕೊಂಬೆಯ ವಿಷಯ ಹೇಳಿದ್ದು ನಾನೇ. ದುರ್ಗದ ಸಭೆಯಲ್ಲಿ. ಅದು ಸಂಕೇತ ಅಲ್ಲ ಸರ್, ನಮ್ಮ ಹಟ್ಟಿ ಪದ್ಧತಿ. ನಮ್ಮಜ್ಜಿ ಹೇಳ್ತಿದ್ದ ಕಥೆ. ದೆಹಲಿಯವರು ಕೇಳಿದ್ರು, ನಾನು ಹೇಳಿಬಿಟ್ಟೆ.”

ಉಗ್ರಪ್ಪನವರು ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಕ್ಕರು; ಕೆಟ್ಟ ನಗುವಲ್ಲ, ದಣಿದ ಮನುಷ್ಯನಿಗೆ ಅನಾಯಾಸವಾಗಿ ಸಿಕ್ಕ ನಗು. “ನಿಮ್ ಮನಸ್ಸು ಒಳ್ಳೇದು ಕಣಮ್ಮ. ನಿಮ್ಮೋರು ಅಂತ ಬಿಡ್ಸಾಕೆ ಏನೋ ಹೇಳ್ತೀರಿ. ಇದು ದೆಹಲೀದು. ದೊಡ್ಡ ದೊಡ್ಡೋರು ಕುಂತು ವಿಚಾರ ಮಾಡಿ ಬರ್ದಿರೋದು. ಅಜ್ಜಿ ಕಥೆ ಕೇಳ್ಕಂಡು ಸರ್ಕಾರ ನಡೀತೈತೇನ್ರಿ? ಲೇ, ಇವ್ರಿಗೆ ಒಂದು ಚಹ ತಗಂಬಾರೋ.”

“ಇಲ್ಲ ಸರ್, ನಿಜವಾಗಿಯೂ. ನಾನೇ.”

“ಆಯ್ತು ಬಿಡ್ರಿ. ನೀವೇ.” ಅವರು ಅವಳ ಕಡೆಯಿಂದ ಮುಖ ತಿರುಗಿಸಿ ಭಿತ್ತಿಪತ್ರ ತಿನ್ನುತ್ತಿದ್ದ ಟಗರನ್ನು ನೋಡಿ, “ಓಡ್ಸೋ ಅದುನ್ನ ಮೊದ್ಲು!” ಅಂತ ಕೂಗಿದರು.

ಅವರು ನಂಬಲಿಲ್ಲ. ಒಂದು ವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದನ್ನು ಕಿತ್ತು ಎದುರಿಗಿಟ್ಟರೆ ಚಹ ಕೊಟ್ಟರು. ಎಂಥ ಹಗುರ ಅನ್ನಿಸಿತು ಒಂದು ಕ್ಷಣ, ನಾಚಿಕೆಗೇಡಿನ ಹಗುರ. ತಪ್ಪು ತನ್ನದಲ್ಲ, ದೆಹಲಿಯದು, ಪೊಲೀಸರೇ ಹೇಳುತ್ತಿದ್ದಾರೆ. ಆಮೇಲೆ ಅವಳು ಹೊಂಗೆಯ ಮರದ ಕಡೆ ನೋಡಿದಳು. ಮಾವ ನಂಬಿದ್ದ. ಅವಳು ಬಂದಾಗ ಬೆಳಗಿದ್ದ ಮುಖ ಹಾಗೇ ಇತ್ತು, ಆದರೆ ಒಳಗಿನಿಂದ ಯಾರೋ ಎದ್ದು ಹೋದ ಮನೆಯ ಹಾಗೆ ಇತ್ತು. ಅವನು ಬೈದಿದ್ದರೆ ಆಗುತ್ತಿತ್ತು. ಲೇ, ಯಾಕ್ಲೇ ಹೇಳ್ದೆ ಅಂದಿದ್ದರೆ ಅವನ ಕಾಲಿಗೆ ಬೀಳಬಹುದಿತ್ತು. ಅವನು ನೆಲದ ಮೇಲೆ ಬಿದ್ದಿದ್ದ ಹೊಂಗೆಯ ಕಾಯಿಯೊಂದನ್ನು ಎತ್ತಿಕೊಂಡು, ಒರೆಸಿ, ಮತ್ತೆ ಇದ್ದಲ್ಲೇ ಇಟ್ಟ.

“ಈಗ ಹಿಂಗ್ ಮಾಡಾಣ,” ಅಂದರು ಉಗ್ರಪ್ಪನವರು. “ನೀವು ಇವ್ರ ಪೈಕಿ ಅಂತೀರಿ. ಹಿಂದೆ ಬರೋರು ಯಾರು ಅಂತ ನಿಮಗೆ ಗೊತ್ತಿರ್ಬೇಕಲ್ಲ? ನೀವೇ ಹೇಳ್ರಿ. ಸರ್ಕಾರಿ ನೌಕರರು ಹೇಳಿದ್ರು ಅಂತ ಬರ್ಕಂತೀನಿ, ಯಪ್ಪನ್ನ ಬಿಡ್ತೀನಿ. ವ್ಯಾನು ಬರೋ ಹೊತ್ತಾತು.”

“ಬ್ಯಾಡ,” ಅಂದ ಮಾವ. ಅವಳನ್ನು ನೋಡದೆ ಅಂದ. “ಬ್ಯಾಡ ಕಣವ್ವ. ನಾನು ಹೋಗ್ತೀನಿ ವ್ಯಾನಿನಾಗೆ.”

ಅವಳಿಗೆ ಗೊತ್ತಿತ್ತು. ದೀಪಾವಳಿಗೆ ಹಟ್ಟಿಗೆ ಹೋದಾಗ ಬೇವಿನ ಮರದ ಕೆಳಗೆ ಮಾವನ ಸೊಸೆ ನಿಂಗಕ್ಕ ಅವಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, “ಒದೀತೈತೆ ನೋಡು, ನಿನ್ನಂಗೆ ಟೈಪ್ ಹೊಡೀತೈತೆ” ಅಂದಿದ್ದಳು. ಅದಕ್ಕೇ ಅವರು ನಿಧಾನ. ಅದಕ್ಕೇ ಮಾವ ಮಂದೆಯೊಂದಿಗೆ ಮುಂದೆ, ಅವರಿಬ್ಬರು ಹಿಂದೆ. ಹೆಸರು ಹೇಳಿದರೆ ದಾರಿ ಏನನ್ನೂ ಕೇಳಿಸಿಕೊಳ್ಳುವುದಿಲ್ಲ, ದಾರಿಗೆ ಕಿವಿಯಿಲ್ಲ, ಅವಳು ಓದಿದವಳು. ಹೇಳದಿದ್ದರೆ ವ್ಯಾನು ಬರುತ್ತದೆ, ಅದು ನಿಜವಾದ ವ್ಯಾನು, ಅದರ ಕಿಟಕಿಗೆ ಜಾಲರಿ ಇರುತ್ತದೆ. ಕಿವಿಯಿಲ್ಲದ ದಾರಿಗೆ ಹೆದರಿ ಮಾವನನ್ನು ಜಾಲರಿಯ ಹಿಂದೆ ಕೂರಿಸುವುದೇ? ಇಷ್ಟೆಲ್ಲ ಸರಿಯಾಗಿಯೇ ಇತ್ತು. ಆದರೂ ಬಾಯಿ ತೆರೆಯುವ ಮೊದಲು ಅವಳು, ಯಾಕೋ, ಗೇಟಿನಾಚೆ ಬಿದ್ದಿದ್ದ ಕೆಂಪು ರಸ್ತೆಯನ್ನು ಒಂದು ಸಲ ನೋಡಿದಳು.

“ಅವರ ಮಗ ಕಾಟಲಿಂಗ, ಸರ್. ಸೊಸೆ ನಿಂಗಕ್ಕ. ದಿನ ತುಂಬಿದ ಬಸುರಿ. ಅದಕ್ಕೇ ಹಿಂದೆ ಬರ್ತಿದ್ದಾರೆ.”

ಯತ್ತಪ್ಪ ಎರಡೂ ಕಿವಿ ಮುಚ್ಚಿಕೊಂಡಿದ್ದ. ಅವಳು ಹೇಳಿ ಮುಗಿಸಿದ ಮೇಲೂ ತೆಗೆಯಲಿಲ್ಲ. ಕುರಿಯೊಂದು ಬಂದು ಅವನ ಮೊಣಕೈಯನ್ನು ಮೂಸಿತು.

“ಅಷ್ಟೇನಾ!” ಉಗ್ರಪ್ಪನವರು ತೊಡೆ ತಟ್ಟಿಕೊಂಡರು. “ಥೂ ನಿನ್ನ, ಬೆಳಿಗ್ಗಿಂದ ಈ ಮಾತು ಹೇಳಾಕೆ ಏನಾಗಿತ್ತು ಯಜಮಾನ? ಬಸುರಿ ಹೆಂಗ್ಸು ಸೇತುವೆ ಒಡೀತಾಳಾ? ತಗಾ, ಹೆಬ್ಬೆಟ್ಟು ಒತ್ತು, ಕೋಲು ತಗಾ, ಕಂಬ್ಳಿ ತಗಾ, ನಿನ್ ಕುರಿ ನನ್ ಗೋಡೆ ತಿನ್ನಾಕೆ ಮುಂಚೆ ಹೊಂಡು.”

ಅವನು ಕಂಬಳಿಯನ್ನು ಎರಡು ಸಲ ಕೊಡವಿ ಹೆಗಲಿಗೆ ಹಾಕಿಕೊಂಡ. ನಾಲಿಗೆಯಲ್ಲಿ ಟಕ್ ಟಕ್ ಅನ್ನಿಸಿದ. ಅಂಗಳದ ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು. ಪಾಲಮ್ಮ ಗೇಟಿನವರೆಗೂ ಅವನ ಜೊತೆ ಹೋದಳು. ಜೀಪು ಆಗಲೇ ಗುರುಗುಡುತ್ತಿತ್ತು. ಮಾವ ಅವಳ ಮುಖ ನೋಡಿದ. ಸಿಟ್ಟಿರಲಿಲ್ಲ, ಸಿಟ್ಟನ್ನು ಹುಡುಕಿ ಹುಡುಕಿ ಸೋತಳು.

“ಬಿಸ್ಲಾಗೆ ನಿಂತ್ಕಬ್ಯಾಡ. ತಲೆ ಸುಡ್ತೈತೆ,” ಅಂದ.

“ಮಾವ, ಇಲ್ಲಿಂದ ಯಾವ ಕಡೆ? ಹೊಳಲ್ಕೆರೆ ಕಡೇಗಾ, ಇಲ್ಲ ಈ ಸಲ ಕೆಳಗಿನ ದಾರೀಗಾ?”

ಪ್ರೀತಿಯಿಂದ ಕೇಳಿದ್ದಳು. ಪ್ರತಿ ವರ್ಷವೂ ಕೇಳುತ್ತಿದ್ದ ಮಾತು. ಹಟ್ಟಿಯ ಮಕ್ಕಳೆಲ್ಲ ಕೇಳುವ ಮಾತು. ಅವನು ಕುರಿಗಳ ಕಡೆ ತಿರುಗಿದ, ಕಣ್ಣು ಕಿರಿದು ಮಾಡಿದ, ಮುಖದಲ್ಲಿ ದಡ್ಡತನದ ಒಂದು ನಗು ತಂದುಕೊಂಡ. “ಕುರಿ ಎತ್ಲಾಗೆ ಹೋಗ್ತವೋ ಅತ್ಲಾಗೆ ನೋಡವ್ವ. ನಮ್ದೇನೈತೆ.”

ಆ ನಗು ಅವಳಿಗೆ ಗೊತ್ತು. ಫಾರೆಸ್ಟ್ ಗಾರ್ಡುಗಳು ತಡೆದು ಕೇಳಿದಾಗ, ಅಮೀನರು ಕೇಳಿದಾಗ, ಸಂತೆಯ ಸುಂಕದವರು ಕೇಳಿದಾಗ ಹಟ್ಟಿಯ ಗಂಡಸರೆಲ್ಲ ಮುಖಕ್ಕೆ ತಂದುಕೊಳ್ಳುವ ನಗು ಅದು. ಹೇಳುವ ಮಾತೂ ಅದೇ. ಕೇಳಿದವನು ಬೈದು ಹೋದ ಮೇಲೆ ಮಾವ ತಿರುಗಿ ಅವಳಿಗೆ ಕಣ್ಣು ಹೊಡೆಯುತ್ತಿದ್ದ, ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಈಗ ಅವನು ತಿರುಗಿ ಕಣ್ಣು ಹೊಡೆಯುವುದಕ್ಕೆ ಅವನ ಹಿಂದೆ ಯಾರೂ ಇರಲಿಲ್ಲ. ಅವಳು ಜೀಪು ಹತ್ತಿದಳು. ಅವನು ಹೊರಡಲಿಲ್ಲ. ಕೋಲಿಗೆ ಗದ್ದ ಊರಿ, ಮಂದೆಯನ್ನು ಗೇಟಿನ ಮುಂದೆಯೇ ನಿಲ್ಲಿಸಿಕೊಂಡು ನಿಂತ. ಜೀಪು ತಿರುವಿನವರೆಗೆ ಹೋದರೂ ಹಾಗೇ ನಿಂತಿದ್ದ. ಧೂಳಿನಲ್ಲಿ ಕುರಿಗಳೂ ಅವನೂ ಒಂದೇ ಬಣ್ಣವಾದರು. ಅವಳು ಕಣ್ಮರೆಯಾಗುವವರೆಗೆ ಅವನು ಹೆಜ್ಜೆ ಎತ್ತಿಡುವುದಿಲ್ಲ ಎಂದು ಅವಳಿಗೆ ಅರ್ಥವಾಗುವಷ್ಟರಲ್ಲಿ ತಿರುವು ಬಂತು.

ಕಚೇರಿಯಲ್ಲಿ ಚಿತ್ರಲಿಂಗಪ್ಪನವರು ಅವಳಿಗಾಗಿ ಕಾದಿದ್ದರು. ಎಲೆಯಡಿಕೆ ಉಗಿದು ಬಾಯಿ ತೊಳೆದುಕೊಂಡು ಬಂದಿದ್ದರು. ದೊಡ್ಡ ವಿಷಯವಿದ್ದರೆ ಹಾಗೆ ಮಾಡುತ್ತಾರೆ. “ಬಾ ಬಾ, ಪಾಲಮ್ಮ. ನಿನ್ನ ಕೆಲ್ಸ ಹಣ್ಣಾತು ಅಂತ ಉಗ್ರಪ್ಪನೋರು ಫೋನ್ ಮಾಡಿದ್ರು. ಇನ್ನೊಂದು ಸುದ್ದಿ ಐತೆ. ದುರ್ಗದಿಂದ ಹೇಳ್ಯಾರೆ, ದೆಹಲಿಯೋರಿಗೆ ನಮ್ಮ ಜಿಲ್ಲೆ ಉತ್ತರ ಭಾಳ ಹಿಡಿಸೈತಂತೆ. ನೀತಿಯ ಕರಡಿನಾಗೆ ಅದಕ್ಕೇ ಒಂದು ಭಾಗ ಇಡ್ತಾರಂತೆ, ಅಲೆದಾಡೋ ಜನ ಅಂತ. ಇನ್ನೂ ವಿವರ ಬೇಕಂತೆ. ಯಾವ ತಿಂಗಳು ಯಾವ ದಾರಿ, ಎಲ್ಲೆಲ್ಲಿ ತಂಗ್ತಾರೆ, ಇನ್ನೇನೇನು ಗುರುತು ಇಡ್ತಾರೆ. ನೀನು ಕುಂತ್ಕಂಡು ಸಾವಕಾಶ ಹೊಡಿ. ನಿನ್ನ ಹೆಸ್ರು ಬರಲ್ಲ ಬಿಡು, ಆದ್ರೆ ಜಿಲ್ಲೆ ಹೆಸ್ರು ಬರ್ತೈತಲ್ಲ.”

ಅವಳು ತನ್ನ ಜಾಗಕ್ಕೆ ಹೋಗಿ ಕೂತಳು. ಕಾಗದ ಏರಿಸಿದಳು. ಸುಳ್ಳು ಹೇಳಬೇಕು ಅಂದುಕೊಂಡಳು. ಈ ಸಲವಾದರೂ ಹೇಳಬೇಕು. ಏಳು ದಾರಿಗಳನ್ನು ಕಟ್ಟಿ ಹೇಳಬಲ್ಲಳು, ಅಜ್ಜಿಯ ಮೊಮ್ಮಗಳು, ಕಥೆಯ ಕುದುರೆಮೂತಿಯ ರಾಕ್ಷಸನ ಊರಿಗೂ ಮಂದೆ ಹೊಡೆಯಬಲ್ಲಳು. ಇಲ್ಲವೇ ಏನೂ ತಿಳಿಯದು ಅಂದುಬಿಡಬೇಕು. ಅದನ್ನು ಹೇಳುವ ಮುಖ ಹೇಗಿರಬೇಕೆಂದು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತ ಕೂತಳು. ಮಾವ ಈಗ ಎಲ್ಲಿರಬಹುದು. ಮೇಲಿನ ದಾರಿ ಹಿಡಿದನೋ, ಕೆಳಗಿನದೋ. ಮುಂದಿನ ಕವಲಿನಲ್ಲಿ ತಂಗಡಿಯ ಕೊಂಬೆ ಮುರಿಯಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಿರುತ್ತಾನೆ. ಇನ್ನೇನೋ ಇಡುತ್ತಾನೆ. ಕೂದಲೋ, ಬೂದಿಯೋ, ಹಕ್ಕಿಯ ಗರಿಯೋ, ನೋಡಿದರೂ ಕಾಣದ ಯಾವುದೋ. ಅದನ್ನು ಕಾಟಲಿಂಗನಿಗೆ ಹೇಗೆ ಮುಟ್ಟಿಸುತ್ತಾನೋ. ನಿಂಗಕ್ಕನಿಗೆ ಹೆರಿಗೆ ಎಲ್ಲಾಗುತ್ತದೋ, ಯಾವ ಮರದ ನೆರಳಲ್ಲೋ, ಹುಟ್ಟುವುದು ಗಂಡೋ ಹೆಣ್ಣೋ, ಯಾರು ಬಂದು ಅವಳಿಗೆ ಹೇಳುತ್ತಾರೆ. ಬೀದಿಯಲ್ಲಿ ನಿಂತು ಬೆಣ್ಣೆಯ ಗಡಿಗೆ ಕೊಟ್ಟು ಹೋಗುವುದಕ್ಕೂ ಇನ್ನು ಯಾರೂ ಬರುವುದಿಲ್ಲ.

“ಏನಮ್ಮ, ಶುರು ಮಾಡ್ಲಿಲ್ಲ? ಈಗ ಎಲ್ಲವ್ರೆ ಅವ್ರು, ಅಲ್ಲಿಂದ್ಲೇ ಶುರು ಮಾಡು.”

“ಗೊತ್ತಿಲ್ಲ ಸರ್,” ಅಂದಳು.

“ಏ, ತಮಾಷೆ ಮಾಡಬ್ಯಾಡ. ನಿಮ್ಮ ಜನ ಅಲ್ವೇನಮ್ಮ?”

ಪಾಲಮ್ಮ ಮುಖವನ್ನು ತಿದ್ದಿಕೊಳ್ಳಬೇಕೆಂದಿದ್ದಳು. ತಿದ್ದಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಬೆರಳುಗಳು ಅಕ್ಷರಗಳ ಮೇಲೆ ಸುಮ್ಮನೆ ಕೂತಿದ್ದವು, ಬೆನ್ನ ಹಿಂದೆ ಯಾರೂ ನಿಂತಿರಲಿಲ್ಲ.

“ನಿಜವಾಗಿಯೂ ಗೊತ್ತಿಲ್ಲ ಸರ್.”

ಚಿತ್ರಲಿಂಗಪ್ಪನವರು ನಂಬಲಿಲ್ಲ.